ಬೂದನ ಬಿಲ್ಲೆ

ಗಡ್ಡಕ್ಕೆ ಸೋಪು ಹಚ್ಚಿಕೊಂಡು ಕನ್ನಡಿಯ ಮುಂದೆ ನಿಂತಿದ್ದಾಗ ಮೈಕಿನ ಆಟೋ ಮತ್ತೆ ಬೀದಿಗೆ ಬಂತು. ನಲ್ಲಪ್ಪನ ಕೈ ಗಲ್ಲದ ಮೇಲೆಯೇ ನಿಂತಿತು. ಬುಧವಾರದಿಂದ ದಿನಕ್ಕೆ ಎರಡು ಸಲ ಅದೇ ಧ್ವನಿ, ಅದೇ ಮಾತು. ಸಾಕುನಾಯಿಗಳ ಮಾಲೀಕರು ಶನಿವಾರ ಸಂಜೆ ಐದು ಗಂಟೆಯೊಳಗೆ ಪುರಸಭೆಯಲ್ಲಿ ಅರ್ಜಿ ಭರ್ತಿ ಮಾಡಿಕೊಟ್ಟು, ಹಿತ್ತಾಳೆ ಬಿಲ್ಲೆ ಪಡೆದು, ನಾಯಿಯ ಕೊರಳಿಗೆ ಕಟ್ಟತಕ್ಕದ್ದು. ಸೋಮವಾರದಿಂದ ಬಿಲ್ಲೆಯಿಲ್ಲದ ನಾಯಿಗಳನ್ನು ಹಿಡಿದು ವಿಲೇವಾರಿ ಮಾಡಲಾಗುವುದು. ವಿಲೇವಾರಿ! ನಲ್ಲಿಯಲ್ಲಿ ನೀರು ಬಿಡುವ ಹೊತ್ತು ಹೇಳಿದ ಹಾಗೆ ಹೇಳಿಕೊಂಡು ಹೋಗುತ್ತಿದ್ದ ಪುಣ್ಯಾತ್ಮ. ಬಾಗಿಲಾಚೆ ಮೆಟ್ಟಿಲ ಮೇಲೆ ಬೂದ ಮಲಗಿತ್ತು. ಮೈಕಿನ ಸದ್ದಿಗೆ ಒಂದು ಕಿವಿ ಎತ್ತಿ, ತನಗೇನೂ ಸಂಬಂಧವಿಲ್ಲವೆಂಬಂತೆ ಮತ್ತೆ ಇಳಿಸಿತು. ಇವತ್ತು ಶನಿವಾರ.

“ಕೇಳಿಸ್ತಾ ನಿಮಗೆ?” ಅಡುಗೆಮನೆಯಿಂದ ಹೆಂಡತಿ ಲಕ್ಷ್ಮಿದೇವಮ್ಮ ಕೂಗಿದಳು. “ಇವತ್ತೇ ಕೊನೆ. ಅರ್ಜಿ ಜೇಬಲ್ಲಿಟ್ಕೊಂಡು ಮೂರು ದಿನದಿಂದ ಮೆರವಣಿಗೆ ಮಾಡ್ತಿದ್ದೀರಲ್ಲ, ಅದೇನು ಮೊಟ್ಟೆನಾ, ಮರಿಯಾಗಲಿ ಅಂತ ಕಾವು ಕೊಡೋಕೆ?”

ಅವನು ರೇಜರು ಕೈಗೆತ್ತಿಕೊಂಡ. ಅರ್ಜಿ ಗೂಟಕ್ಕೆ ನೇತುಹಾಕಿದ್ದ ಅಂಗಿಯ ಜೇಬಿನಲ್ಲಿತ್ತು. ಅಂಚೆ ಕಚೇರಿಯ ಗುಮಾಸ್ತನಿಗೆ ಅರ್ಜಿ ತುಂಬಿಸುವುದೇನು ದೊಡ್ಡ ವಿದ್ಯೆಯೇ? ಹನ್ನೊಂದು ವರ್ಷದ ನೌಕರಿಯಲ್ಲಿ ಜನರ ಮನಿಯಾರ್ಡರು, ಟೆಲಿಗ್ರಾಮು, ಉಳಿತಾಯ ಖಾತೆ ಎಲ್ಲಕ್ಕೂ ಇವನದೇ ಅಕ್ಷರ. ಈ ಅರ್ಜಿಯಲ್ಲೂ ಮಾಲೀಕರ ಹೆಸರು, ಬೀದಿ, ನಾಯಿಯ ಬಣ್ಣ, ಗಂಡೋ ಹೆಣ್ಣೋ, ವಯಸ್ಸು ಎಂದು ಐದು ಕಲಂ ಗುರುವಾರವೇ ತುಂಬಿಯಾಗಿತ್ತು. ಆರನೆಯದರ ಹತ್ತಿರ ಬಂದು ಪೆನ್ನು ನಿಂತಿತ್ತು. ಈ ನಾಯಿ ಈ ಹಿಂದೆ ಯಾರನ್ನಾದರೂ ಕಚ್ಚಿದೆಯೇ, ಕಚ್ಚಿದ್ದರೆ ವಿವರ. ಅದರ ಎದುರು ಒಂದೂವರೆ ಗೆರೆಯಷ್ಟು ಖಾಲಿ ಜಾಗ. ಸರ್ಕಾರದವರು ಎಷ್ಟು ಸಲೀಸಾಗಿ ಕೇಳಿಬಿಟ್ಟಿದ್ದಾರೆ ನೋಡು ಎನ್ನಿಸಿ ನಲ್ಲಪ್ಪನಿಗೆ ಸಿಟ್ಟು ಬರುತ್ತಿತ್ತು. ಸಿಟ್ಟು ಪುರಸಭೆಯ ಮೇಲಲ್ಲ ಎಂಬುದೂ ಅವನಿಗೆ ಗೊತ್ತಿತ್ತು.

ಎದುರು ಮನೆಯ ಬಾಗಿಲು ತೆರೆದ ಸದ್ದಾಯಿತು. ಕೊಂಡಮ್ಮ. ಫಿಲೇಚರಿನಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಕೆಲಸಕ್ಕೆ ಹೋಗುವವಳು, ಗಂಡ ಸತ್ತು ಬಹಳ ವರ್ಷವಾಗಿದೆ, ಇರುವ ಒಬ್ಬ ಮಗಳನ್ನು ಚಿಂತಾಮಣಿಗೆ ಕೊಟ್ಟಿದ್ದಾಳೆ. ಕಿಟಕಿಯಿಂದ ಅವಳ ಸೀರೆಯ ಅಂಚು ಕಂಡ ತಕ್ಷಣ ನಲ್ಲಪ್ಪ ಅರ್ಧ ಬೋಳಿಸಿದ ಗಲ್ಲದಲ್ಲೇ ಗೋಡೆಗೆ ಸರಿದು ನಿಂತ. ಮೂವತ್ತೆಂಟು ವರ್ಷದ ಗಂಡಸು ಮನೆಯೊಳಗೇ ಕಳ್ಳನ ಹಾಗೆ ಗೋಡೆಗೆ ಒರಗುವುದೆಂದರೇನು, ಥೂ, ಎಂದುಕೊಂಡ. ಆದರೂ ಅವಳ ಚಪ್ಪಲಿ ಸದ್ದು ಮೂಲೆ ತಿರುಗುವ ತನಕ ಅಲ್ಲಿಂದ ಅಲುಗಲಿಲ್ಲ. ಈ ಕೆಲಸ ಅವನಿಗೆ ರೂಢಿಯಾಗಿ ನಾಲ್ಕು ತಿಂಗಳಾಗಿತ್ತು.

ದೀಪಾವಳಿಯ ಎರಡನೆಯ ದಿನ ಅದು. ಹುಡುಗರು ಹಚ್ಚಿದ ಪಟಾಕಿಗೆ ಹೆದರಿ ಬೂದ ಚರಂಡಿಯ ಕಲ್ಲಿನ ಪಕ್ಕ ಮುದುರಿಕೊಂಡಿತ್ತು. ಕೆಲಸ ಮುಗಿಸಿ ಬರುತ್ತಿದ್ದ ಕೊಂಡಮ್ಮ ಹೊಗೆಯಲ್ಲಿ ಕಾಣದೆ ಅದರ ಬಾಲ ತುಳಿದಳು. ಮೀನಖಂಡಕ್ಕೆ ನಾಲ್ಕು ಹಲ್ಲು ಇಳಿದವು. ಬೀದಿಯೆಲ್ಲ ಸೇರಿತು. ಯಾರೋ ದೊಣ್ಣೆ ತಂದರು. ಮನೆ ಮಾಲೀಕ ಬಯ್ಯಪ್ಪನೂ ಬಂದ, ಪಂಚೆ ಎತ್ತಿ ಕಟ್ಟಿಕೊಂಡು. “ಯಾರ್ದಪ್ಪ ಈ ನಾಯಿ? ನಲ್ಲಪ್ನೋರೆ, ನಿಮ್ಮನೆ ಮುಂದೇನೇ ಬಿದ್ದಿರುತ್ತಲ್ಲ, ನಿಮ್ದಾ?” ಎಂದ. ಎಷ್ಟು ಕಣ್ಣು ತನ್ನ ಕಡೆ ತಿರುಗಿದವು ಎಂಬುದನ್ನು ನಲ್ಲಪ್ಪ ಇವತ್ತಿಗೂ ಎಣಿಸಿ ಹೇಳಬಲ್ಲ. ಈ ಬೀದಿಯಲ್ಲಿ ಮನೆ ಸಿಗುವ ಮೊದಲು ಮೂರು ಕಡೆ ಬಾಗಿಲು ತಟ್ಟಿದ್ದ. ಮೂರು ಕಡೆಯೂ ಕೆಲಸ ಏನು ಎಂದು ಕೇಳಿ, ಕಾಫಿ ಕೊಟ್ಟು, ಆಮೇಲೆ ತಂದೆಯ ಹೆಸರು, ಊರು, ಊರಿನಲ್ಲಿ ಮನೆ ಯಾವ ಕಡೆ ಎಂದು ವಿಚಾರಿಸಿ, ನಾಳೆ ಹೇಳ್ತೀವಿ ಎಂದಿದ್ದರು. ಬಯ್ಯಪ್ಪ ಮಾತ್ರ, “ನಂಗೇನೂ ಭೇದ ಇಲ್ರೀ, ಅಕ್ಕಪಕ್ಕದೋರು ಒಂದು ಮಾತು ಅನ್ನದಂಗೆ ಇದ್ಬಿಡಿ ಸಾಕು” ಎಂದು ಬೀಗದಕೈ ಕೊಟ್ಟಿದ್ದ. ಅಂದಿನಿಂದ ಒಂದು ಮಾತು ಅನ್ನದ ಹಾಗೆ ಇರುವುದೇ ಇವರ ಸಂಸಾರವಾಗಿತ್ತು. ರೇಡಿಯೋ ಮೆಲ್ಲಗೆ. ಬುದ್ಧನ ಪಟ ಹಜಾರದಲ್ಲಲ್ಲ, ಒಳಕೋಣೆಯ ಗೋಡೆಗೆ. “ನಮ್ದಲ್ಲ” ಎಂದಿದ್ದ ನಲ್ಲಪ್ಪ. “ಬೀದಿ ನಾಯಿ. ಮಿಕ್ಕಿದ್ದು ಉಳಿದಿದ್ದು ಹಾಕ್ತೀವಿ, ಅಷ್ಟೆ.” ಲಕ್ಷ್ಮಿದೇವಮ್ಮ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಬೂದ ಅವನ ಕಾಲಿನ ಹಿಂದೆ ಬಂದು ನಿಂತಿತ್ತು.

ಮರಿಯಾಗಿದ್ದಾಗ ಜಂಗಮಕೋಟೆಯಲ್ಲಿ ಅಮ್ಮನ ಮನೆಯ ಹಿಪ್ಪುನೇರಳೆ ಸೊಪ್ಪಿನ ಬುಟ್ಟಿಯೊಳಗೆ ಇಟ್ಟು ಸಾಕಿದ ನಾಯಿ ಅದು. ಇವನಿಗೆ ಶಿಡ್ಲಘಟ್ಟಕ್ಕೆ ವರ್ಗವಾದ ಮೇಲೆ ಹುಡುಕಿಕೊಂಡು ತಾನೇ ಬಂದಿತ್ತು. ಹಾಗಾಗಿಯೇ ಬೀದಿಯವರಿಗೆ ಅದು ಎಲ್ಲಿಂದಲೋ ಬಂದ ನಾಯಿಯಾಯಿತು, ಇವನ ಸುಳ್ಳು ಸಲೀಸಾಗಿ ನಿಂತಿತು. ಮಾರನೆಯ ದಿನ ಬೆಳಕು ಹರಿಯುವ ಮುಂಚೆ ಅದರ ಕೊರಳಿಗೆ ಹಗ್ಗ ಬಿಗಿದು, ಸೈಕಲ್ಲಿನ ಹಿಂದೆ ಓಡಿಸಿಕೊಂಡು ಹೋಗಿ ಅಮ್ಮನ ಹತ್ತಿರ ಬಿಟ್ಟು ಬಂದ. ದೊಣ್ಣೆ ತಂದವರಿಂದ ಉಳಿಸಿದೆ ಎಂದು ಹೇಳಿಕೊಂಡ. ಅದು ಸುಳ್ಳೇನಲ್ಲ. ಆದರೆ ಅಂದು ಸಂಜೆ ಕೊಂಡಮ್ಮ ಆಸ್ಪತ್ರೆಯಿಂದ ಬಂದು ಡಾಕ್ಟರು ಹೇಳಿದ್ದನ್ನು ಹೇಳಿದಳಲ್ಲ, ಆಮೇಲಿನ ದಿನಗಳಿಗೆ ಏನು ಸಬೂಬು? ನಾಯಿ ಸಿಕ್ಕರೆ ಹತ್ತು ದಿನ ಕಟ್ಟಿಹಾಕಿ ನೋಡಿ, ಅದು ಚೆನ್ನಾಗಿದ್ದರೆ ನೀವೂ ಚೆನ್ನಾಗಿರ್ತೀರಿ, ಸೂಜಿ ನಿಲ್ಲಿಸಿಬಿಡೋಣ; ಸಿಗದಿದ್ದರೆ ಹೊಕ್ಕುಳ ಸುತ್ತ ಹದಿನಾಲ್ಕೂ ಹಾಕಿಸಿಕೊಳ್ಳಲೇಬೇಕು. ಅವಳು ನೇರ ಇವನ ಬಾಗಿಲಿಗೇ ಬಂದಿದ್ದಳು. “ಸಾರ್, ನೀವು ಅನ್ನ ಹಾಕ್ತಿದ್ರಲ್ಲ, ಆ ನಾಯಿ ಎಲ್ಲಾದ್ರೂ ಕಾಣ್ತಾ?”

“ಇಲ್ಲಮ್ಮ” ಎಂದಿದ್ದ. “ಜನ ಅಟ್ಟಾಡಿಸಿದ್ರಲ್ಲ, ಎಲ್ಲಿಗೋ ಹೋಯ್ತು.”

ಒಂದು ಸಲವಲ್ಲ. ಎರಡನೆಯ ಸೂಜಿಯ ದಿನ ಕೇಳಿದಳು, ಐದನೆಯ ದಿನ ಕೇಳಿದಳು, ಹೊಟ್ಟೆ ಬಾತು ಬಗ್ಗಲಾರದೆ ಗೋಡೆ ಹಿಡಿದು ನಡೆಯುತ್ತಿದ್ದ ಒಂಬತ್ತನೆಯ ದಿನವೂ ಕೇಳಿದಳು. ಸೂಜಿ ಮುಗಿದ ಮೇಲೂ ಅವಳ ಭಯ ಮುಗಿಯಲಿಲ್ಲ. ನಾಯಿ ಸತ್ತಿದ್ದರೆ ತಾನೂ ಹೋದ ಹಾಗೆಯೇ ಎಂದು ಅವಳ ತಲೆಗೆ ಹತ್ತಿಬಿಟ್ಟಿತ್ತು. ಸಂತೇಬೀದಿ, ಗೂಡಿನ ಮಾರುಕಟ್ಟೆಯ ಹಿಂಭಾಗ, ಕಸಾಯಿಖಾನೆಯ ಬಯಲು, ಎಲ್ಲೆಲ್ಲೂ ಬೂದು ಬಣ್ಣದ ನಾಯಿಯನ್ನು ಹುಡುಕಿಕೊಂಡು ಅಲೆದಳು. ಮಗಳನ್ನು ಚಿಂತಾಮಣಿಯಿಂದ ಕರೆಸಿ ಕಿವಿಯ ಓಲೆ ಬಿಚ್ಚಿ ಕೊಟ್ಟಳು. ಹುಚ್ಚು ಹಿಡಿದವರು ನೀರು ಕಂಡರೆ ಹೆದರುತ್ತಾರಂತೆ ಎಂದು ಯಾರೋ ಹೇಳಿದ್ದರು. ಇವಳದೋ ದಿನವೆಲ್ಲ ಬಿಸಿನೀರಿನ ತೊಟ್ಟಿಯಲ್ಲಿ ಕೈಯಿಟ್ಟು ಮಾಡುವ ಕೆಲಸ. “ಬೆಳಗ್ಗೆ ತೊಟ್ಟಿ ಮುಂದೆ ಕೂತ್ಕೊಂಡು ಮೊದ್ಲು ನೀರನ್ನೇ ನೋಡ್ತೀನಿ ಕಣಮ್ಮ” ಎಂದು ಲಕ್ಷ್ಮಿದೇವಮ್ಮನ ಹತ್ತಿರ ಹೇಳಿಕೊಂಡಿದ್ದಳಂತೆ. “ಹೆದ್ರಿಕೆ ಆಯ್ತಾ, ಆಗ್ಲಿಲ್ವಾ ಅಂತ. ಹಂಗೆ ನೋಡ್ತಾ ನೋಡ್ತಾ ಹೆದ್ರಿಕೆ ಆಗೇಬಿಡುತ್ತೆ.” ಆ ರಾತ್ರಿ ಹೆಂಡತಿ ಊಟ ಬಡಿಸಿ ತಾನು ಉಣ್ಣದೆ ಎದ್ದು ಹೋದಳು. ನಲ್ಲಪ್ಪ ಉಂಡ.

ಅದಕ್ಕಿಂತ ಹೇಸಿಗೆಯದು ಆ ಭಾನುವಾರಗಳು. ವಾರಕ್ಕೊಮ್ಮೆ ಜಂಗಮಕೋಟೆಗೆ ಹೋಗಿ ಬೂದನನ್ನು ನೋಡುತ್ತಿದ್ದ. ಕಣ್ಣು ಕೆಂಪಗಿಲ್ಲ, ಜೊಲ್ಲಿಲ್ಲ, ಕೋಳಿ ಅಟ್ಟಿಸಿಕೊಂಡು ಓಡುತ್ತಿದೆ. “ಇದ್ನ ಯಾವಾಗ ಕರ್ಕೊಂಡೋಗ್ತೀಯಪ್ಪಾ? ನನ್ ಪ್ರಾಣ ತೀಸ್ತಾ ಐತೆ” ಎಂದು ಅಮ್ಮ ಮುನಿಗಂಗಮ್ಮ ತೆಲುಗು ಬೆರೆಸಿ ಬೈಯುತ್ತಿದ್ದಳು. ಕೊಂಡಮ್ಮನಿಗೆ ಏನೂ ಆಗುವುದಿಲ್ಲ ಎಂದು ಅವನಿಗೆ ಖಾತ್ರಿಯಾಗುತ್ತಿತ್ತು. ಎಷ್ಟು ಖಾತ್ರಿಯೆಂದರೆ ಹುರುಳಿ ಸಾರಿನಲ್ಲಿ ಎರಡು ಮುದ್ದೆ ಮುಗಿಸಿ ಮಧ್ಯಾಹ್ನ ನಿದ್ದೆ ಹೊಡೆಯುತ್ತಿದ್ದ. ಆ ಖಾತ್ರಿಯನ್ನು ಜೇಬಿನಲ್ಲಿಟ್ಟುಕೊಂಡು ಸಂಜೆ ಬಸ್ಸಿಗೆ ವಾಪಸಾಗಿ, ಎದುರು ಮನೆಯ ದೀಪ ನೋಡಿ, ತಲೆ ತಗ್ಗಿಸಿ ಒಳಗೆ ಹೋಗುತ್ತಿದ್ದ. ಒಂದು ಮಾತು ಸಾಕಿತ್ತು. ಜಂಗಮಕೋಟೇಲಿ ಆ ಥರದ್ದೇ ನಾಯಿ ನೋಡಿದೆ ಕಣಮ್ಮ, ಚೆನ್ನಾಗಿದೆ ಎಂದು ಸುಳ್ಳನ್ನೇ ಸ್ವಲ್ಪ ತಿರುಗಿಸಿ ಹೇಳಿದ್ದರೂ ಅವಳು ಬದುಕಿಕೊಳ್ಳುತ್ತಿದ್ದಳು. ಅದೂ ಹೊಳೆಯಲಿಲ್ಲ ಎಂದಲ್ಲ. ಹೊಳೆದಿತ್ತು. ಹೇಳಲಿಲ್ಲ.

ಮೂವತ್ತಮೂರನೆಯ ದಿನ ಬೂದ ಹಗ್ಗ ಕಡಿದುಕೊಂಡು ತಾನೇ ನಡೆದು ಬಂತು. ಮೊದಲು ನೋಡಿದವಳು ಕೊಂಡಮ್ಮ. ನೀರಿನ ಕೊಡ ಕೆಳಗಿಟ್ಟು ಬೀದಿಯ ನಡುವೆ ಕುಕ್ಕರಿಸಿ ಕೂತು ಗೊಳೋ ಎಂದು ಅತ್ತಳು. “ಬದುಕ್ದೆ ಕಣ್ರಮ್ಮ, ಬದುಕ್ದೆ” ಎಂದು ಕಂಡಕಂಡವರಿಗೆಲ್ಲ ಹೇಳಿದಳು. ನಲ್ಲಪ್ಪ ಬಾಗಿಲ ಸಂದಿಯಿಂದ ನೋಡುತ್ತ ನಿಂತಿದ್ದ. ಬೂದ ಅವಳನ್ನು ದೂರದಿಂದ ಸುತ್ತು ಹಾಕಿ ಇವನ ಮೆಟ್ಟಿಲಿಗೆ ಬಂದು ಮಲಗಿತು.

ಇವತ್ತು ಶನಿವಾರವಾದ್ದರಿಂದ ಅಂಚೆ ಕಚೇರಿ ಮಧ್ಯಾಹ್ನಕ್ಕೆ ಮುಗಿಯುವುದಿತ್ತು. ಕೌಂಟರಿನಲ್ಲಿ ಒಬ್ಬ ಮುದುಕಿ ಫಾರಂ ನೀಡಿ, “ಎಲ್ಲಾ ನೀವೇ ಬರ್ಕೊಳ್ರಪ್ಪ, ನೀವು ಬರೆದ್ರೆ ತಪ್ಪಿರಲ್ಲ” ಎಂದಳು. ಹೆಬ್ಬೆಟ್ಟು ಒತ್ತಿಸಿಕೊಳ್ಳುವಾಗ ನಲ್ಲಪ್ಪನಿಗೆ ಮುಖ ಬಿಸಿಯಾಯಿತು. ಹೊರಗೆ ಬಂದರೆ ಟೀ ಅಂಗಡಿಯಲ್ಲಿ ಬಯ್ಯಪ್ಪ. “ಬನ್ನಿ ನಲ್ಲಪ್ನೋರೆ, ಟೀ ಕುಡೀರಿ. ಸೋಮವಾರಕ್ಕೆ ನಮ್ಮ ಬೀದಿ ಪೀಡೆ ತೊಲಗುತ್ತೆ ಬಿಡಿ. ಆ ಬೂದು ನಾಯಿ ಒಂದು ಹೋದ್ರೆ ಸಾಕು, ನಿಮಗೂ ಕಾಟ ತಪ್ಪುತ್ತೆ.” ನಲ್ಲಪ್ಪ ಹೂಂ ಎಂದ. ಲೋಟವನ್ನು ಅರ್ಧಕ್ಕೇ ಕೆಳಗಿಟ್ಟು ಎದ್ದ. ಒಂದು ಪ್ರಾಣಿಯ ಸಾವಿಗೆ ಅರ್ಧ ಲೋಟ ಟೀ ಹಿಡಿದುಕೊಂಡು ಹೂಂಗುಟ್ಟಿದೆನಲ್ಲ, ನಾನು ಮನುಷ್ಯನೇನಯ್ಯಾ ಎಂದು ತನ್ನನ್ನೇ ಬೈದುಕೊಂಡ. ಬೈದುಕೊಳ್ಳುವುದು ಅವನಿಗೆ ಸುಲಭವಾಗಿಬಿಟ್ಟಿತ್ತು. ನಾಲ್ಕು ತಿಂಗಳಿಂದ ಬೈದುಕೊಂಡೇ ಬದುಕಿದ್ದ, ಅದರಿಂದ ಯಾರಿಗೂ ನಯಾಪೈಸೆಯ ಉಪಯೋಗವಾಗಿರಲಿಲ್ಲ.

ಸೈಕಲ್ಲು ತಳ್ಳಿಕೊಂಡು ಪುರಸಭೆಯ ಕಡೆ ನಡೆಯುತ್ತಿದ್ದಂತೆ ಇನ್ನೊಂದು ಯೋಚನೆ ಬಂತು, ಎಷ್ಟು ಚೆನ್ನಾಗಿ ಬಂತೆಂದರೆ ಅವನು ನಡುರಸ್ತೆಯಲ್ಲೇ ನಿಂತ. ಬಿಲ್ಲೆಯ ಮೇಲೆ ಇರುವುದು ನಂಬರು ಮಾತ್ರ. ನಾಯಿ ಯಾವಾಗಿನಿಂದ ಇವನದು ಎಂದು ಅದರ ಮೇಲೆ ಕೊರೆದಿರುವುದಿಲ್ಲ. ಪಾಪ, ಗತಿಯಿಲ್ಲದ ಪ್ರಾಣಿ, ಸಾಯಬಾರದಲ್ಲ ಅಂತ ಈಗ ನನ್ನ ಹೆಸರಿಗೆ ಮಾಡಿಸಿಕೊಂಡೆ ಎಂದರಾಯಿತು. ಆರನೆಯ ಕಲಮಿಗೆ ಇಲ್ಲ ಎಂದು ಬರೆದರೆ ಯಾರು ಬಂದು ಕೇಳುತ್ತಾರೆ? ಕೊಂಡಮ್ಮನೂ ಕೈ ಮುಗಿಯುತ್ತಾಳೆ. ನಾಯಿಯೂ ಉಳಿಯಿತು, ಮಾನವೂ ಉಳಿಯಿತು, ಮೇಲೆ ದಯಾವಂತನೆಂಬ ಹೆಸರು ಬೇರೆ. ಒಂದು ಅಂಗಡಿಯ ಜಗಲಿಯ ಮೇಲೆ ಕೂತು ಪೆನ್ಸಿಲಿನಿಂದ ‘ಇಲ್ಲ’ ಎಂದು ಬರೆದ. ಪೆನ್ನಿನಿಂದ ಬರೆಯಲಿಲ್ಲ ಎಂಬುದನ್ನು ಗಮನಿಸಿದ.

ಪುರಸಭೆಯಲ್ಲಿ ಆರೇಳು ಜನರ ಸಾಲು. ಅಲ್ಸೇಷನ್ ಮರಿಯ ಫೋಟೋ ಕೈಯಲ್ಲಿ ಹಿಡಿದ ಗೂಡಿನ ವ್ಯಾಪಾರಿಯೊಬ್ಬ, ಕುರಿ ಕಾಯುವ ನಾಯಿಗೂ ಬಿಲ್ಲೆ ಬೇಕೇ ಎಂದು ಜಗಳ ತೆಗೆದ ಇನ್ನೊಬ್ಬ. ಸಾಲು ಮುಂದಕ್ಕೆ ಸರಿದಂತೆ ನಲ್ಲಪ್ಪನ ಅಂಗೈ ಬೆವರಿ ಅರ್ಜಿ ಮೆತ್ತಗಾಯಿತು. ಮುಂದಿದ್ದವನ ಅರ್ಜಿಯಲ್ಲಿ ಆರನೆಯ ಕಲಮಿಗೆ ಬಂದಾಗ ಗುಮಾಸ್ತ ತಲೆಯೆತ್ತದೆ, “ಕಚ್ಚಿದ್ಯೇನ್ರೀ?” ಎಂದ. “ಹಿಂದಿನ ವರ್ಷ ನಮ್ ಭಾವಮೈದನ್ಗೆ ಹಾಕ್ತು ಸಾರ್, ಅವನೂ ಹಂಗೇ ಇದ್ದ” ಎಂದ ಅವನು. ಎಲ್ಲರೂ ನಕ್ಕರು. ಇಷ್ಟೇ! ಕಚ್ಚಿದೆ ಎನ್ನುವುದು ಇಷ್ಟು ಸಣ್ಣ ಮಾತು. ನಲ್ಲಪ್ಪನ ಸರದಿ ಬಂತು. “ಏನ್ ಸಾರ್, ನೀವೂ ನಾಯಿ ಸಾಕಿದ್ದೀರಾ?” ಎಂದ ಪರಿಚಯದ ಗುಮಾಸ್ತ.

“ಇಲ್ಲ, ಸ್ನೇಹಿತರೊಬ್ಬರಿಗೆ... ಕೇಳ್ಕೊಂಡು ಹೋಗಾಣ ಅಂತ” ಎಂದಿತು ಅವನ ಬಾಯಿ.

ಹೊರಗೆ ಬಂದಾಗ ಗಡಿಯಾರದಲ್ಲಿ ನಾಲ್ಕು ಹತ್ತು. ಬೇವಿನ ಮರದ ಕೆಳಗೆ ಸೈಕಲ್ಲು ಹಿಡಿದು ನಿಂತ ನಲ್ಲಪ್ಪನಿಗೆ ತಾನು ಮೂರನೆಯ ಸಲ, ಬೇಡ, ಎಷ್ಟನೆಯ ಸಲವೋ, ಅದೇ ಮಾತು ಆಡಿದೆನೆಂದು ಹೊಳೆಯಿತು. ಯಾರೂ ದೊಣ್ಣೆ ಹಿಡಿದಿರಲಿಲ್ಲ. ಬಯ್ಯಪ್ಪನಿರಲಿಲ್ಲ. ಮನೆ ಬಿಡಿಸುತ್ತಾರೆಂಬ ಭಯವೂ ಅಲ್ಲಿರಲಿಲ್ಲ. ಸುಮ್ಮನೆ ಕೇಳಿದ ಪ್ರಶ್ನೆಗೆ ಸುಮ್ಮನೆ ಬಂದ ಉತ್ತರ ಅದು. ಹಾಗಾದರೆ ದೀಪಾವಳಿಯ ದಿನ ತನ್ನ ಕೈಯಲ್ಲಿ ಸುಳ್ಳು ಹೇಳಿಸಿದ್ದು ಬೀದಿಯೂ ಅಲ್ಲ, ಬೀದಿಯವರು ಕೇಳುವ ಜಾತಿಯೂ ಅಲ್ಲವೇ? ಅದೂ ಹೌದು, ಸುಳ್ಳಲ್ಲ, ಆ ಮೂರು ಬಾಗಿಲುಗಳ ಕಾಫಿಯ ರುಚಿ ಇನ್ನೂ ಬಾಯಲ್ಲಿದೆ. ಆದರೆ ಕೊಂಡಮ್ಮ ಯಾವತ್ತೂ ಅವನ ಊರು ಕೇಳಿದವಳಲ್ಲ. ಬಂದ ಮೊದಲ ದಿನವೇ ಒಂದು ಕೊಡ ನೀರು ತಂದಿಟ್ಟು, ಇವರ ಮನೆಯಲ್ಲೇ ಕೂತು ಮಜ್ಜಿಗೆ ಕುಡಿದು ಹೋದವಳು. ಬೀದಿಗೆ ಹೆದರಿ ಹೇಳಿದ ಸುಳ್ಳನ್ನು ಅವನು ಅವಳ ಹೊಟ್ಟೆಗೆ ಹದಿನಾಲ್ಕು ಸಲ ಚುಚ್ಚಿದ್ದ. ಮರದ ಕಟ್ಟೆಯ ಕಲ್ಲಿಗೆ ಅರ್ಜಿ ಒತ್ತಿ ಹಿಡಿದು ‘ಇಲ್ಲ’ವನ್ನು ಬೆರಳಿನಿಂದಲೇ ಉಜ್ಜಿದ. ಕಾಗದ ಕೊಳೆಯಾಯಿತು, ಅಕ್ಷರ ಪೂರಾ ಹೋಗಲಿಲ್ಲ. ಮೊದಲು ಅವಳಿಗೆ ಹೇಳಬೇಕು, ಆಮೇಲೆ ಬಿಲ್ಲೆ. ಐದರೊಳಗೆ ಎರಡೂ ಆಗಬೇಕು. ಸೈಕಲ್ಲು ಹತ್ತಿದ.

ಕೊಂಡಮ್ಮ ತನ್ನ ಮೆಟ್ಟಿಲ ಮೇಲೆ ಕೂತು ಹಳೆಯ ಸೀರೆಯ ಅಂಚನ್ನು ಹುರಿ ಹೊಸೆಯುತ್ತಿದ್ದಳು. “ಬನ್ನಿ ಸಾರ್, ನಿಮ್ಮನ್ನೇ ಕರೆಯಾಣ ಅಂತಿದ್ದೆ” ಎಂದು ಎದ್ದಳು. ಅಂಗೈ ಬಿಚ್ಚಿದಳು. ಬಿಸಿನೀರಿನಲ್ಲಿ ನೆನೆನೆನೆದು ಬಿಳಿಚಿಕೊಂಡ ಬೆರಳುಗಳ ನಡುವೆ ಹೊಸ ಹಿತ್ತಾಳೆ ಬಿಲ್ಲೆ. “ಬೆಳಗ್ಗೇನೇ ಹೋಗಿ ತಂದ್ಬಿಟ್ಟೆ. ಅರ್ಧ ದಿನ ಕೆಲ್ಸಕ್ಕೆ ಹೋಗ್ಲಿಲ್ಲ.”

“ನೀವ್ಯಾಕೆ...”

“ಇನ್ಯಾರು ತರ್ತಾರೆ ಸಾರ್? ನೀವೇ ಅಂದ್ರಲ್ಲ, ಬೀದೀದು ಅಂತ. ಸೋಮವಾರ ಎಳ್ಕೊಂಡೋದ್ರೆ ಅದುಕ್ಕೆ ಯಾರವ್ರೆ? ಅದು ಇರೋದ್ಕೇ ನಾನು ಇದೀನಿ ಅಂತ ನಂಗೊಂದು ಧೈರ್ಯ. ಹುಚ್ಚು ಅನ್ನಿ ಬೇಕಾದ್ರೆ.” ಅವಳು ನಕ್ಕಳು. “ಆ ಆಫೀಸ್ನೋರು ಕೇಳ್ತಾರೆ, ಯಾರ್ಗಾದ್ರೂ ಕಚ್ಚೈತಾ ಅಂತ. ಕಚ್ಚೈತೆ, ನಂಗೇ ಅಂದೆ. ಪೆನ್ನು ಕೆಳಗಿಟ್ಟು ನಗ್ತಾರೆ ಸಾರ್! ಹೆಸ್ರು ನಂದೇ ಬರ್ಸಿದೀನಿ. ನೀವು ಕಟ್ಕೊಡಿ. ನಂಗಿನ್ನೂ ಹತ್ರ ಬರಲ್ಲ ಅದು, ನೀವಾದ್ರೆ ಸುಮ್ನಿರುತ್ತೆ.”

ಕರೆಯುವ ಮೊದಲೇ ಬೂದ ಎದ್ದು ಬಂತು. ನಲ್ಲಪ್ಪ ಮಣ್ಣಿನಲ್ಲಿ ಮಂಡಿಯೂರಿ ಕೂತ. ಹುರಿಯನ್ನು ಕೊರಳ ಸುತ್ತ ತರುವಾಗ ಜಂಗಮಕೋಟೆಯ ಹಗ್ಗ ಉಜ್ಜಿ ಕೂದಲು ಹೋದ ಜಾಗ ಬೆರಳಿಗೆ ಸಿಕ್ಕಿತು. ಗಂಟು ಹಾಕಿದ. ಬಿಚ್ಚಿ ಇನ್ನೊಮ್ಮೆ ಹಾಕಿದ. ಸುಮ್ಮನೆ ಎದ್ದು ಹೋದರೆ ಎಲ್ಲವೂ ಸರಿಹೋದ ಹಾಗೆಯೇ, ಇಷ್ಟು ಅನುಕೂಲ ದೇವರು ಕೂಡ ಮಾಡಿಕೊಡುವುದಿಲ್ಲ ಎಂದು ಒಂದು ಮನಸ್ಸು ಹೇಳಿತು. ಅವನಿಗೆ ಅಳು ಬಂತು.

“ಕೊಂಡಮ್ಮ, ಇದು ನನ್ನ ನಾಯಿ.”

“ಆಯ್ತು ಬಿಡಿ ಸಾರ್, ಅನ್ನ ಹಾಕ್ತೀರಲ್ಲ, ನಿಮ್ದೂ ಅಂದ್ಕೊಳ್ಳಿ.”

“ಅಲ್ಲ. ಆವಾಗ್ಲೂ ನಂದೇ. ಮರಿಯಿಂದ ನಾನೇ ಸಾಕಿದ್ದು. ನಿಮಗೆ ಕಚ್ಚಿದ ಮಾರನೇ ದಿನ ಜಂಗಮಕೋಟೆಗೆ ಕರ್ಕೊಂಡೋಗಿ ನಮ್ಮಮ್ಮನ ಮನೇಲಿ ಕಟ್ಟಿದ್ದೆ.”

ಅವಳ ಮುಖದ ನಗು ಒಮ್ಮೆಲೇ ಹೋಗಲಿಲ್ಲ. ಅರ್ಥವಾಗುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು.

“ಅಲ್ಲಿ ಚೆನ್ನಾಗಿತ್ತಾ?” ಎಂದಳು.

“ಚೆನ್ನಾಗಿತ್ತು.”

“ನೀವು ನೋಡಿದ್ರಾ?”

“ವಾರ ವಾರ ಹೋಗಿ ನೋಡ್ತಿದ್ದೆ.”

“ನಾನು ನಿಮ್ಮನ್ನ ಕೇಳ್ತಿದ್ನಲ್ಲ ಸಾರ್, ಆವಾಗ?”

“ಗೊತ್ತಿತ್ತು.”

“ಮಗಳ್ನ ಕರ್ಸಿ ಓಲೆ ಬಿಚ್ಚಿ ಕೊಟ್ನಲ್ಲ?”

“ಆವಾಗ್ಲೂ ಗೊತ್ತಿತ್ತು.”

ಬೈಯಲಿ ಎಂದು ಕಾದ. ಬೀದಿ ಕೂಡಿಸಲಿ, ಬಯ್ಯಪ್ಪನನ್ನು ಕರೆಯಲಿ, ನಾಳೆಯೇ ಸಾಮಾನು ಎತ್ತಿಸಲಿ. ಎದುರು ಬಾಗಿಲಲ್ಲಿ ಲಕ್ಷ್ಮಿದೇವಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಕೊಂಡಮ್ಮ ಒಳಗೆ ಹೋದಳು. ಬರುವಾಗ ತಟ್ಟೆಯಲ್ಲಿ ಮುದ್ದೆ ಮುರಿದು ಸಾರು ಸುರಿದು ತಂದು ತನ್ನ ಮೆಟ್ಟಿಲ ಪಕ್ಕ ಇಟ್ಟಳು.

“ಬಾರೋ” ಎಂದು ಕರೆದಳು. ಬೂದ ನಲ್ಲಪ್ಪನ ಮುಖ ನೋಡಿ ಬಾಲ ಆಡಿಸಿತು, ಜಾಗ ಬಿಡಲಿಲ್ಲ.

“ಇನ್ಮೇಲೆ ಇದು ಇಲ್ಲೇ ಇರುತ್ತೆ. ನೀವು ಅನ್ನ ಹಾಕ್ಬೇಡಿ.” ಧ್ವನಿಯಲ್ಲಿ ಸಿಟ್ಟು ಕೂಡ ಇರಲಿಲ್ಲ. “ನಾನು ಕರೆದ್ರೆ ಬರ್ತಿಲ್ಲ ನೋಡಿ. ನೀವು ಹೇಳಿ ಸಾರ್ ಅದಕ್ಕೆ.”

ನಲ್ಲಪ್ಪ ಮೆಲ್ಲಗೆ, “ಹೋಗು” ಎಂದ. ಅದು ಅವನ ಕಾಲಿಗೆ ಇನ್ನಷ್ಟು ಒತ್ತಿ ನಿಂತಿತು.

“ಕೇಳಿಸೋ ಹಂಗೆ ಹೇಳಿ” ಎಂದಳು ಕೊಂಡಮ್ಮ.

“ಹೋಗೋ ಬೂದ. ಅಲ್ಲಿ. ಹೋಗಿ ತಿನ್ನು.”

ನಾಯಿ ತಲೆ ತಗ್ಗಿಸಿಕೊಂಡು ಹೋಗಿ ತಟ್ಟೆಗೆ ಬಾಯಿ ಹಾಕಿತು. ನಲ್ಲಪ್ಪ ಮಂಡಿಯ ಮಣ್ಣು ಕೊಡವಿಕೊಂಡು ಎದ್ದು ತನ್ನ ಮನೆಯ ಕಡೆ ನಡೆದ. ಬಾಗಿಲ ಹತ್ತಿರ ಒಮ್ಮೆ ತಿರುಗಿ ನೋಡಿದ. ಅದು ತಿನ್ನುತ್ತಲೇ ಇತ್ತು, ತಲೆ ಎತ್ತಲಿಲ್ಲ.